ಹಲ್ಲಣ್ಣನ ಎರಡು ಪ್ಲಾಟ್‌ಫಾರ್ಮು

ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡೀತು ಎಂಬುದು ಒಂದು ಭಯ. ಆಡಬಾರದ ಮಾತು ಹೊರಗೆ ಬಂದೀತು ಎಂಬುದು ಇನ್ನೊಂದು. ಹಲ್ಲಣ್ಣನಿಗೆ ಆದದ್ದು ಎರಡನೆಯದು. ಅದೂ ಷಡ್ಡಕನ ಮನೆಯ ಊಟದ ಮೇಜಿನ ಎದುರು, ಭಾನುವಾರ ಮಧ್ಯಾಹ್ನ, ಹದಿನೈದು ಮಂದಿ ನೆಂಟರು ಕಿವಿ ತೆರೆದುಕೊಂಡು ಕೂತಿದ್ದಾಗ.

ಹಲ್ಲಣ್ಣ ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸಿದರೆ, ಅದಕ್ಕೆ ಸರಿಯಾಗಿ ಮೇಣದಲ್ಲಿ ಕೆತ್ತಿ, ಅಚ್ಚು ಹಾಕಿ, ಹಲ್ಲಿನ ಸೆಟ್ಟು ಮಾಡಿಕೊಡುವವನು. ಮನೆಯ ಮುಂದಿನ ಕೋಣೆಯೇ ಅವನ ಲ್ಯಾಬು. ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಮೊದಲ ಸಲ ಒಳಗೆ ಕಾಲಿಟ್ಟವರಿಗೆ ನಲವತ್ತು ಜನ ಒಟ್ಟಿಗೆ ತಮ್ಮನ್ನು ನೋಡಿ ಹಲ್ಲು ಕಿರಿದಂತಾಗಿ, ಬಂದ ಕೆಲಸ ಮರೆತುಹೋಗುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೆ ಇತ್ತು ನಿಜ. ಮೂವತ್ತು ವರ್ಷದ ಕಸುಬಿನಲ್ಲಿ ಅದು ಸವೆದುಹೋಗಿ, ಈಗ ಅದನ್ನು ನೆನಪಿಟ್ಟುಕೊಂಡಿರುವುದು ಕರೆಂಟು ಬಿಲ್ಲು ಮಾತ್ರ.

ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ಜಾಹೀರಾತಿನ ಚಿತ್ರಗಳನ್ನು ಕತ್ತರಿಸಿ ಜೋಡಿಸುವವನು. ಆ ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದಿದ್ದೇ ತನ್ನ ಹೊಸ ವರ್ಕ್‌ಸ್ಟೇಷನ್ ಎಂಬ ಭಾರೀ ಕಂಪ್ಯೂಟರನ್ನು ತೋರಿಸಲಿಕ್ಕೆ. ಊಟಕ್ಕೆ ಮುಂಚೆ ಎಲ್ಲರನ್ನೂ ಸಾಲಾಗಿ ಕೋಣೆಯೊಳಗೆ ಬಿಟ್ಟ. ಪರದೆಯ ಮೇಲೆ ನಲ್ಲಿಯಿಂದ ಒಂದು ಹನಿ ನೀರು ಬೀಳುವುದನ್ನು ಎರಡು ನಿಮಿಷದವರೆಗೆ ತೋರಿಸಿದ.

"ಒಂದು ಹನಿ ನೋಡಿ, ಒಂದೇ ಹನಿ! ಐದೂವರೆ ಲಕ್ಷದ ಮಷೀನಿಗೆ ಮಾತ್ರ ಇದು ಸಾಧ್ಯ," ಎಂದ.

ಹಲ್ಲಣ್ಣನ ಅತ್ತೆ, ಎಂದರೆ ಈ ಇಬ್ಬರು ಅಳಿಯಂದಿರಿಗೂ ಅತ್ತೆ, ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. "ನಲ್ಲಿ ಸೋರ್ತಿದೆ ಅಳಿಯಂದ್ರೇ. ಅಷ್ಟು ದುಡ್ಡು ಸುರಿದೋರು ಒಂದು ವಾಷರ್ ಹಾಕಿಸಬಾರದಾ?" ಎಂದರು.

ನಗು ಎದ್ದಿತು. ಷಡ್ಡಕನಿಗೆ ಎಲ್ಲೋ ಚುಚ್ಚಿತು. ಊಟಕ್ಕೆ ಕೂತ ಮೇಲೆ ಆ ಚುಚ್ಚನ್ನು ಹಲ್ಲಣ್ಣನ ಕಡೆ ತಿರುಗಿಸಿದ. "ಅಣ್ಣಾ, ನೀವಿನ್ನೂ ಮೇಣ ಕೆರೀತಾನೇ ಇದೀರಾ? ಈಗೆಲ್ಲ ಹಲ್ಲನ್ನೂ ಕಂಪ್ಯೂಟರಲ್ಲೇ ಮಾಡ್ತಾರಂತಲ್ಲ?"

ಹಲ್ಲಣ್ಣನ ಬಾಯಿ ತುಂಬಿತ್ತು. ನುಂಗುವಷ್ಟು ತಾಳ್ಮೆ ಇರಲಿಲ್ಲ. "ನಾನೂ ವರ್ಕ್‌ಸ್ಟೇಷನ್ ತಗೋತಿದೀನಿ," ಎಂದುಬಿಟ್ಟ.

ಬಡಿಸುತ್ತಿದ್ದ ಹಲ್ಲಣ್ಣನ ಹೆಂಡತಿಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಹೌದಾ! ಯಾವ ಪ್ಲಾಟ್‌ಫಾರ್ಮು?" ಎಂದು ಕೇಳಿದ ಷಡ್ಡಕ.

ಸ್ಟೇಷನ್ನು ಎಂದಮೇಲೆ ಪ್ಲಾಟ್‌ಫಾರ್ಮು ಇರುವುದು ಹಲ್ಲಣ್ಣನಿಗೆ ಸಹಜವಾಗಿಯೇ ಕಂಡಿತು. ಆದರೆ ಒಟ್ಟು ಎಷ್ಟಿರುತ್ತವೆ, ಅದರಲ್ಲಿ ಮರ್ಯಾದಸ್ಥರು ಯಾವುದರಲ್ಲಿ ನಿಲ್ಲುತ್ತಾರೆ ಎಂಬುದು ಗೊತ್ತಿರಲಿಲ್ಲ. ಒಂದು ಎಂದರೆ ಕಡಿಮೆಯಾದೀತು, ಮೂರು ಎಂದರೆ ಇಲ್ಲದೆ ಹೋದೀತು. ಅಳೆದು ಸುರಿದು, "ಎರಡೂ," ಎಂದ.

"ಎರಡೂ!" ಷಡ್ಡಕ ಕೈಯ ಲೋಟ ಕೆಳಗಿಟ್ಟ. "ಅಂದ್ರೆ ಎರಡು ಪ್ಲಾಟ್‌ಫಾರ್ಮನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ನೋಡ್ತಿದೀರಾ? ಬೆಲೆ ಎಲ್ಲಾ?"

"ಬೆಲೆ ಬೇರೆ, ಮೌಲ್ಯ ಬೇರೆ," ಎಂದ ಹಲ್ಲಣ್ಣ. ಆ ಮಾತು ಎಲ್ಲಿಂದ ಬಂತೋ ಅವನಿಗೂ ತಿಳಿಯದು. ಆಮೇಲೆ ನುಂಗಿದ. ಅವನು ನುಂಗಿದ್ದು ಮೇಜಿನ ಸುತ್ತ ಎಲ್ಲರಿಗೂ ಕೇಳಿಸಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಮಿಕ್ಸಿ ತಗೊಳಕ್ಕೆ ಮೂರು ವರ್ಷ ಯೋಚನೆ ಮಾಡಿದೋರು ನೀವು. ಈಗ ಎರಡೆರಡು ಸ್ಟೇಷನ್ನಾ?"

"ಒಂದೇ ಸ್ಟೇಷನ್ನು. ಎರಡು ಪ್ಲಾಟ್‌ಫಾರ್ಮು."

"ಅಂದ್ರೆ?"

"ಅದೆಲ್ಲ ತಾಂತ್ರಿಕ," ಎಂದು ಹಲ್ಲಣ್ಣ ಕಿಟಕಿಯ ಕಡೆ ಮುಖ ತಿರುಗಿಸಿದ.

ಆದರೆ ಆ ಬಡಾಯಿ ಬರೀ ಬಡಾಯಿಯಾಗಿರಲಿಲ್ಲ. ಕೆಲವು ತಿಂಗಳಿಂದ ಹಲ್ಲಣ್ಣನ ಬಲಗೈ ನಡುಗುತ್ತಿತ್ತು. ಜೋರಾಗಿ ಅಲ್ಲ. ಸುಮ್ಮನೆ ಇದ್ದಾಗ ಇಲ್ಲ. ಸ್ಪಿರಿಟ್ ದೀಪದಲ್ಲಿ ಕಾಯಿಸಿದ ಚಾಕುವಿನ ತುದಿಯನ್ನು ಮೇಣದ ಹಲ್ಲಿಗೆ ತಾಗಿಸಬೇಕು ಎನ್ನುವ ಆ ಒಂದು ಗಳಿಗೆಯಲ್ಲಿ ಮಾತ್ರ, ಯಾರೋ ಮೊಣಕೈಯನ್ನು ಮೆಲ್ಲಗೆ ತಟ್ಟಿದಂತೆ. ಅಷ್ಟು ಸಾಕು, ಕೋರೆಹಲ್ಲು ದವಡೆಹಲ್ಲಾಗುತ್ತದೆ. ಮೊದಲು ಅವನು ಮೇಣವನ್ನು ಬೈದ. ಮೂರು ಕಂಪನಿಯ ಮೇಣ ಬದಲಾಯಿಸಿದ. ಆಮೇಲೆ ಬಲ್ಬು ಬದಲಾಯಿಸಿದ. ಆಮೇಲೆ ಸ್ಟೂಲು. ಇನ್ನು ಬದಲಾಯಿಸಲು ಉಳಿದದ್ದು ಕೈ ಒಂದೇ ಎಂದಾದಾಗ, ಯಾರಿಗೂ ಹೇಳದೆ ಕೂತ. ಹೇಳಿದರೆ ಡಾಕ್ಟರುಗಳು ಕೆಲಸ ಕೊಡುವುದಿಲ್ಲ. ನಡುಗುವ ಕೈಯವನು ಕೆತ್ತಿದ ಹಲ್ಲನ್ನು ಯಾರು ಬಾಯಿಗಿಟ್ಟುಕೊಳ್ಳುತ್ತಾರೆ?

ಅವನ ಮನೆಯಲ್ಲೇ ಇದ್ದ ಅತ್ತೆಯ ಮೇಲ್ದವಡೆಯ ಸೆಟ್ಟು ಆ ಹೊತ್ತಿಗೆ ಸಡಿಲವಾಗಿತ್ತು. ಅವರು ಮಾತಾಡಿದರೆ ಒಂದು ಮಾತು ಅತ್ತೆಯದು, ಒಂದು ಟಕ್ಕೆಂಬ ಸದ್ದು ಸೆಟ್ಟಿನದು. ಹೊಸದನ್ನು ಮಾಡಿಕೊಡುತ್ತೇನೆಂದು ಹಲ್ಲಣ್ಣ ದಿನ ತಳ್ಳುತ್ತಲೇ ಇದ್ದ. ಅಳಿಯ ಹಲ್ಲಣ್ಣನಂತೆ, ಅತ್ತೆಗೆ ಹಲ್ಲಿಲ್ಲವಂತೆ ಎಂದು ಬೀದಿಯವರು ಆಡಿಕೊಂಡರೂ ಅತ್ತೆ ಒಂದು ಮಾತು ಎತ್ತಿರಲಿಲ್ಲ.

ಎರಡು ಪ್ಲಾಟ್‌ಫಾರ್ಮಿನ ಸುದ್ದಿ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸೋಮವಾರ ಹೆಂಡತಿ ತಯಾರಾದ ಸೆಟ್ಟುಗಳನ್ನು ಕೊಡಲು ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದವಳು, ಎಷ್ಟಾದರೂ ಗಂಡನಲ್ಲವೇ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: "ನಮ್ಮನೆಯೋರು ವರ್ಕ್‌ಸ್ಟೇಷನ್ ನೋಡ್ತಿದಾರೆ ಮೇಡಂ. ಎರಡೂ ಪ್ಲಾಟ್‌ಫಾರ್ಮು ಹೋಲಿಸ್ತಿದಾರೆ. ತಾಂತ್ರಿಕ."

ಹಲ್ಲಣ್ಣನ ಲ್ಯಾಬಿಗೆ ಅರ್ಧ ಕೆಲಸ ಬರುತ್ತಿದ್ದುದು ಈ ಡಾಕ್ಟರಮ್ಮನಿಂದ. ಆಕೆ ಕೈಗವಸು ಕಳಚಿದರು. "ಹೋಲಿಸೋದಕ್ಕೆ ಏನಿದೆ ಅದರಲ್ಲಿ? ನಾಳೆ ಮಧ್ಯಾಹ್ನ ನಾನೇ ಬರ್ತೀನಿ. ಅಷ್ಟರಲ್ಲಿ ಏನೂ ತಗೋಬೇಡಿ ಅನ್ನಿ!"

ಮಂಗಳವಾರ ಮಧ್ಯಾಹ್ನ ಡಾಕ್ಟರಮ್ಮ ಬಂದರು. ನಾದಿನಿಯ ಮೂಲಕ ಸುದ್ದಿ ತಿಳಿದು ಷಡ್ಡಕನೂ ಬಂದ, ಕಂಕುಳಲ್ಲಿ ಬಣ್ಣದ ಪುಸ್ತಿಕೆಗಳನ್ನು ಇಟ್ಟುಕೊಂಡು. ಇವರಿಬ್ಬರ ದನಿ ಏರಿದ್ದು ಕೇಳಿ ಮಹಡಿ ಮೇಲಿನ ಮೇಷ್ಟ್ರು ಇಳಿದು ಬಂದರು. ಅವರು ನಿವೃತ್ತ ಗಣಿತದ ಮೇಷ್ಟ್ರು. ಕಂಪ್ಯೂಟರಿನೊಳಗೆ ಹಾಕುವ ಯಾವುದಕ್ಕೂ ದುಡ್ಡು ಕೊಡಬಾರದು ಎಂಬುದು ಅವರ ಧರ್ಮ. ಲ್ಯಾಬಿನಲ್ಲಿದ್ದದ್ದು ಎರಡೇ ಕುರ್ಚಿ. ಮೇಷ್ಟ್ರು ಪ್ಲಾಸ್ಟರಿನ ಮೂಟೆಯ ಮೇಲೆ ಕೂತರು. ಬಾಗಿಲಲ್ಲಿ ಅತ್ತೆ.

ಷಡ್ಡಕನ ಪುಸ್ತಿಕೆಯ ಮೇಲೆ ಕಚ್ಚಿದ ಹಣ್ಣಿನ ಗುರುತು. ಡಾಕ್ಟರಮ್ಮನ ಕಾಗದದ ಮೇಲೆ ಕಿಟಕಿಯ ಗುರುತು. ಮೇಷ್ಟ್ರ ಅಂಗಿಯ ಜೇಬಿನಿಂದ ಹೊರಬಂದ ಚೀಟಿಯ ಮೇಲೆ ಒಂದು ಹೊಟ್ಟೆಡುಮ್ಮ ಪೆಂಗ್ವಿನ್ ಹಕ್ಕಿ. ಅತ್ತೆ ಮೂರನ್ನೂ ನೋಡಿ, "ತೋಟದ ಮನೆ ಕೊಳ್ತಿದೀರಾ?" ಎಂದರು.

"ಹಣ್ಣಿನದಕ್ಕೆ ಬೆಲೆ ಜಾಸ್ತಿ, ಒಪ್ಕೋತೀನಿ," ಎಂದು ಷಡ್ಡಕ ಶುರು ಮಾಡಿದ. "ಆದರೆ ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ. ಸದ್ದಿಲ್ಲ, ಬಿಸಿ ಇಲ್ಲ. ಮಾರಿದ್ರೂ ಅರ್ಧ ಬೆಲೆ ಬರುತ್ತೆ."

"ಮಾರೋದಕ್ಕೆ ಯಾಕ್ರೀ ಕೊಳ್ಳಬೇಕು?" ಡಾಕ್ಟರಮ್ಮ ತಿರುಗಿಬಿದ್ದರು. "ಹಲ್ಲು ಮಾಡೋ ನಮ್ಮ ಪ್ರೋಗ್ರಾಮು ಓಡೋದು ಕಿಟಕಿಯಲ್ಲಿ. ನಾಲ್ಕು ಲಕ್ಷಕ್ಕೆ ನಿಮ್ಮ ಡಬ್ಬಲ್ ಶಕ್ತಿ. ನಾಳೆ ಏನಾದ್ರೂ ಹೋದ್ರೆ ಬಿಚ್ಚಿ, ಬೇರೆ ಹಾಕಿದ್ರಾಯ್ತು. ನಿಮ್ಮದನ್ನ ಬಿಚ್ಚಕ್ಕೆ ಸ್ಕ್ರೂನೇ ಕಾಣಲ್ಲ!"

"ಪ್ರೋಗ್ರಾಮು ಓಡುತ್ತೆ ಮೇಡಂ. ಹಣ್ಣಿನೊಳಗೇ ಒಂದು ಕಿಟಕಿ ಮಾಡ್ಕೋಬಹುದು."

"ಹಣ್ಣಿಗೆ ಕಿಟಕಿ ಕೊರೆದ್ರೆ ಹುಳ ಬೀಳಲ್ವಾ?" ಅತ್ತೆ ಕೇಳಿದರು. ಅತ್ತೆ ಕೇಳಿದ್ದು ನಿಜವಾದ ಕಾಳಜಿಯಿಂದ.

ಮೇಷ್ಟ್ರು ಮೂಟೆಯ ಮೇಲಿಂದ ಎದ್ದರು. ಹಿಂದೆಲ್ಲ ಬಿಳಿಯ ಗುರುತು. "ಸ್ವಾಮಿ, ಎಪ್ಪತ್ತು ಸಾವಿರಕ್ಕೆ ಹಳೇ ಮಷೀನು ಸಿಗುತ್ತೆ. ಅದಕ್ಕೆ ಈ ಹಕ್ಕಿಯ ಸಾಫ್ಟ್‌ವೇರ್ ಹಾಕಿ. ಪೂರ್ತಿ ಪುಕ್ಕಟೆ! ಪ್ರಪಂಚದಲ್ಲಿ ಪುಣ್ಯಾತ್ಮರು ಮಾಡಿಟ್ಟಿರೋದನ್ನ ಬಿಟ್ಟು ಲಕ್ಷ ಯಾಕೆ ಸುರೀತೀರಿ?"

"ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ," ಎಂದ ಹಲ್ಲಣ್ಣ ನಿಧಾನವಾಗಿ. "ಆದರೆ ಎಣಿಸೋದೇ ನನ್ನ ಕಸುಬು, ಮೇಷ್ಟ್ರೇ."

ಅವನು ಹೇಳಿದ್ದು ಏನಾದರೂ ಹೇಳಬೇಕಲ್ಲ ಎಂದು. ಆದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟು ಆಳವಾಗಿ ಅಧ್ಯಯನ ಮಾಡಿದ್ದಾನೆ ಮನುಷ್ಯ! ತಮ್ಮ ಪಕ್ಷವನ್ನು ಇವನಿಗೆ ಒಪ್ಪಿಸಿದರೆ ಲೋಕಕ್ಕೇ ಒಪ್ಪಿಸಿದಂತೆ ಎಂದು ಪ್ರತಿಯೊಬ್ಬರಿಗೂ ಅನ್ನಿಸಿತು. ಮಾತು ಬೆಳೆಯಿತು. ಕೋರು, ಕಾರ್ಡು, ಮೆಮೊರಿ, ವಾರಂಟಿ ಎಂಬ ಪದಗಳು ಕಪಾಟಿನ ದವಡೆಗಳ ನಡುವೆ ಹಾರಾಡಿದವು. ಷಡ್ಡಕ ಡಾಕ್ಟರಮ್ಮನನ್ನು "ಬಿಡಿಭಾಗದ ಅಂಗಡಿ" ಎಂದ. ಡಾಕ್ಟರಮ್ಮ ಷಡ್ಡಕನನ್ನು "ಪೆಟ್ಟಿಗೆ ನೋಡಿ ಮದುವೆ ಆದೋರು" ಎಂದರು. ಮೇಷ್ಟ್ರು ಇಬ್ಬರನ್ನೂ "ಗುಲಾಮರು" ಎಂದರು. ಹಲ್ಲಣ್ಣನ ಹೆಂಡತಿ ಎಲ್ಲರಿಗೂ ಕಾಫಿ ತಂದಳು.

"ಕೊನೆಗೆ ನೀವೇ ಹೇಳಿ ಅಣ್ಣಾ," ಎಂದ ಷಡ್ಡಕ. "ನಿಮ್ಮ ತೀರ್ಮಾನ ಏನು?"

ಹಲ್ಲಣ್ಣ ತಪ್ಪಿಸಿಕೊಳ್ಳುವ ದಾರಿ ಹುಡುಕಿದ. "ಕೂತು ಕೆಲಸ ಮಾಡಿ ನೋಡದೆ ಹೇಗೆ ಹೇಳೋದು?" ಎಂದ. ಇದು ಇನ್ನೊಂದು ಆರು ತಿಂಗಳು ತಳ್ಳುವ ಮಾತು ಎಂದು ಅವನ ಲೆಕ್ಕ.

"ಶಭಾಷ್!" ಡಾಕ್ಟರಮ್ಮ ಮೇಜು ತಟ್ಟಿದರು. ನಾಲ್ಕು ದವಡೆ ಒಟ್ಟಿಗೆ ಬಾಯಿ ಮುಚ್ಚಿದವು. "ಮುಂದಿನ ಭಾನುವಾರ ನನ್ನ ಕ್ಲಿನಿಕ್ಕು ರಜೆ. ಮೂರು ಮಷೀನೂ ತಂದಿಡೋಣ. ಒಂದೇ ಬಾಯಿ, ಮೂರು ಕಂಪ್ಯೂಟರು. ಇವರು ಎಲ್ಲರೆದುರಿಗೆ ಕೂತು ಮೂರರಲ್ಲೂ ಹಲ್ಲು ಜೋಡಿಸಲಿ."

"ಬಾಯಿ ಯಾರದು?" ಎಂದರು ಮೇಷ್ಟ್ರು.

ಬಾಗಿಲಿಂದ ಟಕ್ಕೆಂದು ಸದ್ದು ಬಂತು. "ನಂದು," ಎಂದರು ಅತ್ತೆ.

ಆ ವಾರ ಹಲ್ಲಣ್ಣ ಸರಿಯಾಗಿ ಉಣ್ಣಲಿಲ್ಲ. ಎಲ್ಲರೆದುರಿಗೆ! ಮೇಣದಲ್ಲಾದರೆ ನಡುಕ ಒಂದು ಹಲ್ಲಿನಷ್ಟೇ ದೊಡ್ಡದು, ಬೆರಳಲ್ಲಿ ಮುಚ್ಚಬಹುದು. ಪರದೆಯ ಮೇಲೆ ಎಲ್ಲಿ ಮುಚ್ಚುವುದು? ಗುರುವಾರ ತನಗೆ ಜ್ವರವೆಂದ. ಹೆಂಡತಿ ಹಣೆ ಮುಟ್ಟಿ ನೋಡಿ, "ತಣ್ಣಗಿದೆ," ಎಂದಳು. ಶುಕ್ರವಾರ ಸೊಂಟ ಹಿಡಿದಿದೆ ಎಂದ. ಅತ್ತೆ ಒಳಗಿನಿಂದ ಎಣ್ಣೆ ತಂದಿಟ್ಟರು. ಶನಿವಾರ ಅವನಿಗೆ ಯಾವ ಕಾಯಿಲೆಯೂ ಹೊಳೆಯಲಿಲ್ಲ.

ಭಾನುವಾರ ಕ್ಲಿನಿಕ್ಕಿನ ಮುಂದಿನ ಹಾಲಿನಲ್ಲಿ ಉದ್ದನೆಯ ಮೇಜು. ಅದರ ಮೇಲೆ ಮೂರು ಮಷೀನು. ಷಡ್ಡಕ ತನ್ನದನ್ನು ಎರಡು ಕಂಬಳಿಯಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ತಂದಿದ್ದ. ಮೇಷ್ಟ್ರು ತಮ್ಮದನ್ನು ತರಕಾರಿ ಚೀಲದಲ್ಲಿ ತಂದಿದ್ದರು. ರಜೆ ಎಂದು ತಿಳಿಯದೆ ಬಂದ ಒಬ್ಬ ರೋಗಿ ಕೆನ್ನೆ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಇದು ಮುಗಿದ ಮೇಲೆ ಹಲ್ಲು ಕೀಳುತ್ತೇನೆಂದು ಡಾಕ್ಟರಮ್ಮ ಅವನಿಗೆ ಮಾತು ಕೊಟ್ಟಿದ್ದರಿಂದ, ಇಡೀ ಸಭೆಯಲ್ಲಿ ತೀರ್ಪಿಗಾಗಿ ಅವನಷ್ಟು ಕಾತರದಿಂದ ಕಾದವರು ಇನ್ನೊಬ್ಬರಿಲ್ಲ.

ಅತ್ತೆಯ ಮೇಲ್ದವಡೆಯ ಚಿತ್ರವನ್ನು ಮೊದಲೇ ತೆಗೆದು ಮೂರು ಮಷೀನಿಗೂ ತುಂಬಿದ್ದರು. ಮುಂದಿನ ಆರು ಹಲ್ಲನ್ನು ಹಲ್ಲಣ್ಣ ಜೋಡಿಸಬೇಕು.

ಮೊದಲು ಹಣ್ಣಿನದು. ಪರದೆ ಬೆಳಗಿತು. ಅತ್ತೆಯ ದವಡೆ ಬಾಗಿಲಷ್ಟು ಅಗಲವಾಗಿ ಎದ್ದು ನಿಂತಿತು.

"ಇಷ್ಟು ದೊಡ್ಡ ಬಾಯಿ ನಂದಾ?" ಅತ್ತೆ ಬೆಚ್ಚಿದರು.

"ಹೌದಮ್ಮಾ. ನಾವೆಲ್ಲ ಮೊದಲಿಂದಾನೂ ಹೇಳ್ತಿದ್ವಲ್ಲ," ಎಂದಳು ಮಗಳು, ಹಲ್ಲಣ್ಣನ ಹೆಂಡತಿ.

ಹಲ್ಲಣ್ಣ ಮೌಸಿನ ಮೇಲೆ ಕೈಯಿಟ್ಟ. ಒಂದು ಹಲ್ಲನ್ನು ಹಿಡಿದು ಎಳೆದ. ಸರಿಯಾದ ಜಾಗಕ್ಕೆ ಬಂತು. ಬಿಡಬೇಕು ಎನ್ನುವ ಗಳಿಗೆಯಲ್ಲಿ ಕೈ ತಟ್ಟಿದಂತಾಯಿತು. ಪರದೆಯ ಮೇಲೆ ಹಲ್ಲು ಸುಳಿಯಲ್ಲಿ ಸಿಕ್ಕ ದೋಣಿಯಂತೆ ಕುಣಿದು, ಮೂಗಿನ ಕಡೆ ಹೋಗಿ ನಿಂತಿತು. ಹಲ್ಲಣ್ಣನ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಮುಗಿಯಿತು, ಎಲ್ಲರಿಗೂ ಗೊತ್ತಾಯಿತು ಎಂದುಕೊಂಡ.

"ನೋಡಿದ್ರಾ!" ಷಡ್ಡಕ ಕೂಗಿದ. "ಎಷ್ಟು ಸೂಕ್ಷ್ಮ! ಕೈಯಲ್ಲಿ ನಾಡಿ ಬಡಿಯೋದೂ ಪರದೆ ಮೇಲೆ ಕಾಣುತ್ತೆ. ಬೆಲೆ ಯಾಕೆ ಅಷ್ಟು ಅಂತ ಈಗ ಗೊತ್ತಾಯ್ತಾ?"

ಹಲ್ಲಣ್ಣ ಕಣ್ಣು ಮುಚ್ಚಿ ತೆರೆದ. ದೇವರು ದೊಡ್ಡವನು. ಷಡ್ಡಕ ಅವನಿಗಿಂತ ದೊಡ್ಡವನು.

ಎರಡನೆಯದು ಕಿಟಕಿ. ಅಲ್ಲಿಯೂ ಅದೇ ಕತೆ. ನಾಲ್ಕು ಹಲ್ಲು ಹೇಗೋ ಕೂತವು, ಐದನೆಯದು ಮೂರನೆಯದರ ಮೇಲೆ ಹತ್ತಿತು. ಡಾಕ್ಟರಮ್ಮ ಸೋಲೊಪ್ಪುವ ಪೈಕಿ ಅಲ್ಲ. "ಅದು ಮಷೀನಿನ ವೇಗ ರೀ! ರೇಸಿನ ಕುದುರೆ ಇದ್ದ ಹಾಗೆ. ಹತ್ತಿದ ಮೊದಲ ದಿನ ಸ್ವಲ್ಪ ಎಗರುತ್ತೆ," ಎಂದರು. ಕೆನ್ನೆ ಊದಿದವನು ಮೂಲೆಯಿಂದ ನರಳಿದ. ಅದನ್ನು ಡಾಕ್ಟರಮ್ಮ ತಮ್ಮ ಪರ ಬಂದ ಮತವೆಂದು ತೆಗೆದುಕೊಂಡರು.

ಮೂರನೆಯದರ ಮುಂದೆ ಹಲ್ಲಣ್ಣ ಕೂತಾಗ ಅವನಲ್ಲಿ ಜೀವ ಅರ್ಧ ಉಳಿದಿತ್ತು. ಮೇಷ್ಟ್ರು ಅವಸರದಲ್ಲಿ ತಮ್ಮ ಪುಕ್ಕಟೆ ಪ್ರೋಗ್ರಾಮಿನಲ್ಲಿ ದವಡೆಯನ್ನು ತಲೆಕೆಳಗು ತೆರೆದಿದ್ದರು. ತಿರುಗಿಸಲು ಐದು ನಿಮಿಷ ಹಿಡಿಯಿತು. ಷಡ್ಡಕ ಮತ್ತು ಡಾಕ್ಟರಮ್ಮ ಮೊದಲ ಸಲ ಒಟ್ಟಿಗೆ ನಕ್ಕರು. "ಮೌಸ್ ಎಲ್ಲಿ?" ಎಂದ ಹಲ್ಲಣ್ಣ.

"ನನಗೆ ಮಣಿಕಟ್ಟು ನೋವು ನೋಡಿ, ಮೌಸ್ ಆಗಲ್ಲ. ಇದನ್ನ ಇಟ್ಕೊಂಡಿದೀನಿ," ಎಂದು ಮೇಷ್ಟ್ರು ಒಂದು ದಪ್ಪನೆಯ ಕರಿ ಹಲಗೆಯನ್ನು ಮುಂದೆ ತಳ್ಳಿದರು. ಅದರ ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಕೆಂಪು ಗುಂಡು. "ಇದು ಜಾಗ ಬಿಟ್ಟು ಅಲ್ಲಾಡಲ್ಲ. ಕೈ ಪೂರ್ತಿ ಇದರ ಮೇಲೆ ಮಲಗಿಸಿ. ಬೆರಳಲ್ಲಿ ಗುಂಡು ಮಾತ್ರ ಉರುಳಿಸಿ."

ಹಲ್ಲಣ್ಣ ಕೈ ಮಲಗಿಸಿದ. ಅಂಗೈ, ಮಣಿಕಟ್ಟು, ಮೊಣಕೈ ಎಲ್ಲಕ್ಕೂ ನೆಲೆ ಸಿಕ್ಕಿತು. ಗುಂಡು ಉರುಳಿಸಿದ. ಹಲ್ಲು ಸರಿಯಿತು. ಜಾಗಕ್ಕೆ ಬಂತು. ಬಿಡಬೇಕಾದ ಗಳಿಗೆಯೂ ಬಂತು. ಅವನು ಉಸಿರು ಹಿಡಿದ. ಗುಂಡಿನ ಮೇಲಿಂದ ಬೆರಳು ತೆಗೆದು ಬೇರೆ ಬೆರಳಿಂದ ಗುಂಡಿ ಒತ್ತಿದ. ಹಲ್ಲು ಇದ್ದಲ್ಲೇ ಕೂತಿತು.

ಎರಡನೆಯದು ಕೂತಿತು. ಮೂರನೆಯದು ಕೂತಿತು. ಆಮೇಲೆ ಹಲ್ಲಣ್ಣ ಸುತ್ತಲಿನವರನ್ನು ಮರೆತ. ಕೋರೆಹಲ್ಲನ್ನು ಒಂದೆಳೆಯಷ್ಟು ಒಳಗೆ ತಿರುಗಿಸಿದ, ಯಾಕೆಂದರೆ ಮನುಷ್ಯರ ಹಲ್ಲು ಸಿಪಾಯಿಗಳಂತೆ ನೆಟ್ಟಗೆ ನಿಲ್ಲುವುದಿಲ್ಲ. ಮುಂದಿನ ಎರಡರ ಅಂಚನ್ನು ಸ್ವಲ್ಪ ಸವೆಸಿದ, ಯಾಕೆಂದರೆ ಎಪ್ಪತ್ತೆಂಟರ ಬಾಯಲ್ಲಿ ಹದಿನೆಂಟರ ಹಲ್ಲು ಸುಳ್ಳು ಹೇಳಿದಂತೆ ಕಾಣುತ್ತದೆ. ಆರು ತಿಂಗಳ ಹಿಂದೆ ಅವನ ಕೈ ಮಾಡುತ್ತಿದ್ದ ಕೆಲಸ ಅದು. ಮುಗಿಸಿ ತಲೆಯೆತ್ತಿದ.

"ಇದೇ," ಎಂದರು ಅತ್ತೆ.

"ಏನು ಇದೇ?" ಷಡ್ಡಕ ಎದ್ದು ನಿಂತ.

"ಮೂರನೇದು. ನನ್ನ ಹಲ್ಲು ಇದರಲ್ಲೇ ಆಗಬೇಕು."

"ಅತ್ತೆ! ಆ ಡಬ್ಬಕ್ಕೆ ಒಂಬತ್ತು ವರ್ಷ!"

"ನನಗೆ ಎಪ್ಪತ್ತೆಂಟು. ಏನೀಗ?"

ಡಾಕ್ಟರಮ್ಮ ಸಮಾಧಾನದಿಂದ ಬಿಡಿಸಿ ಹೇಳಲು ನೋಡಿದರು. "ಅಮ್ಮಾ, ತಾಂತ್ರಿಕವಾಗಿ ಒಂದು ಕಾರಣ ಹೇಳಿ ನೋಡೋಣ."

"ನನ್ನ ಬಾಯಿ, ನನ್ನ ಇಷ್ಟ," ಎಂದರು ಅತ್ತೆ. ಸೆಟ್ಟು ಟಕ್ಕೆಂದಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತೈದು ವರ್ಷ ಪಾಠ ಮಾಡಿದ ಮನುಷ್ಯ, ಯಾರಾದರೂ ತಮ್ಮ ಮಾತು ಒಪ್ಪಿದ್ದನ್ನು ಇಂದೇ ಮೊದಲು ನೋಡುತ್ತಿದ್ದರೋ ಏನೋ. ಕೆನ್ನೆ ಊದಿದವನು ತಾನಾಗಿಯೇ ಎದ್ದು ಹೋಗಿ ಹಲ್ಲು ಕೀಳುವ ಕುರ್ಚಿಯಲ್ಲಿ ಕೂತ.

ಮನೆಗೆ ಹೋಗುವ ಬಸ್ಸಿನಲ್ಲಿ ಹೆಂಡತಿಗೆ ಮುಂದೆ ಸೀಟು ಸಿಕ್ಕಿತು. ಅತ್ತೆ ಮತ್ತು ಹಲ್ಲಣ್ಣ ಹಿಂದೆ ಅಕ್ಕಪಕ್ಕ ಕೂತರು. ಬಸ್ಸು ಎರಡು ನಿಲ್ದಾಣ ದಾಟಿತು.

"ಮೂರನೇದರಲ್ಲಿ ಹಲ್ಲು ಸರಿಯಾಗಿ ಕೂತವು ಅಂತಾನಾ ಅತ್ತೆ," ಎಂದ ಹಲ್ಲಣ್ಣ ಕೊನೆಗೆ. "ನೀವು ಅದನ್ನು ಆರಿಸಿದ್ದು?"

"ನಾನು ಹಲ್ಲು ಯಾವಾಗ ನೋಡಿದೆ?" ಅತ್ತೆ ಕಿಟಕಿಯಾಚೆ ನೋಡುತ್ತ ಹೇಳಿದರು. "ಎಲ್ಲರೂ ಟೀವಿ ನೋಡ್ತಿದ್ರು. ನಾನು ನಿನ್ನ ಕೈ ನೋಡ್ತಿದ್ದೆ. ಆ ಗುಂಡಿನ ಮೇಲೆ ಇಟ್ಟಾಗ ಮಾತ್ರ ನಡುಗಲಿಲ್ಲ."

ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇಷ್ಟು ವರ್ಷವೂ ಅತ್ತೆ ಅವನನ್ನು ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ ಎಂದೇ ಕರೆದವರು. 'ನಿನ್ನ' ಎಂದದ್ದು ಇದೇ ಮೊದಲು. ಹಲ್ಲಣ್ಣ ನುಂಗಿದ. ಈ ಸಲ ಬಾಯಲ್ಲಿ ತುತ್ತು ಇರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?"

"ಹಳೇ ಸೆಟ್ಟು ಸರಿ ಮಾಡೋದಕ್ಕೆ ನನ್ನ ಬಾಯಲ್ಲಿ ಬೆರಳಿಟ್ಟಿದ್ದೆಯಲ್ಲ, ಆಗಲೇ. ನಿನಗೆ ಹೇಳಬೇಕು ಅನ್ನಿಸಿದ ದಿನ ಹೇಳ್ತೀಯ ಅಂತ ಸುಮ್ಮನಿದ್ದೆ."

"ಇವಳಿಗೆ ಹೇಳಬೇಡಿ ಅತ್ತೆ. ಹೆದರ್ತಾಳೆ."

ಅತ್ತೆ ಮುಂದಿನ ಸೀಟಿನಲ್ಲಿದ್ದ ಮಗಳ ಕಡೆ ಒಮ್ಮೆ ನೋಡಿದರು.

ಮನೆ ತಲುಪಿ ಹಲ್ಲಣ್ಣ ಕುರ್ಚಿಗೆ ಒರಗಿದ. ಹೆಂಡತಿ ಕಾಫಿ ತಂದಳು. ಅರ್ಧ ಲೋಟ. "ಇವತ್ತಾದ್ರೂ ಪೂರ್ತಿ ಕೊಡಬಾರದಾ?" ಎಂದ. "ವರ್ಕ್‌ಸ್ಟೇಷನ್ನಿಗೆ ಅಂತ ಕಾಫಿಪುಡೀಲೂ ಉಳಿಸ್ತೀಯಾ?"

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಆರು ತಿಂಗಳಿಂದ ಅರ್ಧರ್ಧ ಲೋಟ ಎರಡು ಸಲ ಕೊಡ್ತಿದೀನಿ. ಯಾಕೆ ಅಂದ್ಕೊಂಡ್ರಿ? ತುಂಬ ಕೊಟ್ರೆ ಅಂಗಿ ಮೇಲೆ ಚೆಲ್ಕೋತೀರಿ. ಚೆಲ್ಕೊಂಡು, ಲೋಟ ಸರಿ ಇಲ್ಲ ಅಂತೀರಿ. ಮನೇಲಿರೋ ಲೋಟ ಎಲ್ಲ ಬದಲಾಯಿಸೋದಕ್ಕಿಂತ ಅರ್ಧ ಕೊಡೋದು ಅಗ್ಗ ಅನ್ನಿಸ್ತು."

ಒಳಗೆ ಅತ್ತೆ ಕೆಮ್ಮಿದರು. ಹಲ್ಲಣ್ಣ ಬೆಪ್ಪಾಗಿ ಲೋಟ ನೋಡಿದ. ಮೂವರಿದ್ದ ಮನೆಯಲ್ಲಿ ಆರು ತಿಂಗಳು ಗುಟ್ಟು ಕಾಪಾಡಿದೆನೆಂದು ಬೀಗಿದ್ದವನಿಗೆ, ಗುಟ್ಟನ್ನು ಕಾಪಾಡಿದವರು ಉಳಿದಿಬ್ಬರು ಎಂದು ಆಗ ತಿಳಿಯಿತು.

ಮರುದಿನ ಹೆಂಡತಿ ಅವನನ್ನು ನರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಕೈ ಚಾಚಿಸಿ, ಸುರುಳಿ ಬರೆಸಿ, ನಡೆಸಿ ನೋಡಿ, ಭಯಪಡುವಂಥದ್ದಲ್ಲ, ಎಷ್ಟೋ ಜನರಿಗೆ ಬರುತ್ತದೆ, ಪೂರ್ತಿ ಹೋಗದಿದ್ದರೂ ಹಿಡಿತದಲ್ಲಿಡಬಹುದು ಎಂದು ಮಾತ್ರೆ ಬರೆದರು. ಅಲ್ಲಿಂದ ಹಲ್ಲಣ್ಣ ನೇರವಾಗಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ನಡೆದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ. ಎದುರು ನಿಂತಾಗ ಅದು ಮರೆತು, "ಮೇಡಂ, ಕುದುರೆ ಎಗರಿದ್ದಲ್ಲ, ಸವಾರನ ಕೈ ನಡುಗಿದ್ದು," ಎಂದ.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸಿಟ್ಟು ಬಂತು. "ಮೊದಲೇ ಹೇಳೋದಲ್ವೇನ್ರೀ? ನಾನು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಎರಡು ಗಂಟೆ ಮಾತಾಡಿದೆನಲ್ಲ!" ಗಂಟಲು ಸರಿ ಮಾಡಿಕೊಂಡರು. "ಒಳಗೆ ನನ್ನ ಹಳೇ ಮಷೀನು ಒಂದಿದೆ. ಸುಮ್ಮನೆ ಕೂತಿದೆ. ತಗೊಂಡು ಹೋಗಿ ಕಲೀರಿ. ಕಲಿಯೋವರೆಗೆ ಸುಲಭದ ಕೆಲಸ ಕಳಿಸ್ತೀನಿ. ಆಮೇಲೆ ಕಷ್ಟದ್ದು ಕಳಿಸ್ತೀನಿ, ಅಳಬಾರದು."

ಹೀಗೆ ಕಿಟಕಿಯೊಂದು ಹಲ್ಲಣ್ಣನ ಲ್ಯಾಬಿಗೆ ಬಂತು. ಸುದ್ದಿ ತಿಳಿದ ಷಡ್ಡಕ ಅದೇ ಸಂಜೆ ಬಂದು ಒಂದು ಪೆಟ್ಟಿಗೆ ಮೇಜಿನ ಮೇಲಿಟ್ಟ. ಒಳಗೆ ಬೆಳ್ಳಿ ಬಣ್ಣದ ಗುಂಡು. ಅರ್ಧ ಗಂಟೆಯಲ್ಲಿ ಮೇಷ್ಟ್ರು ತಮ್ಮ ಕೆಂಪು ಗುಂಡನ್ನೇ ಒರೆಸಿ ತಂದರು, ತಮಗೆ ಬೇರೆ ಇದೆ ಎಂದು ಸುಳ್ಳು ಹೇಳಿದರು. ಮಾರನೆಯ ದಿನ ಡಾಕ್ಟರಮ್ಮ ನೀಲಿಯದೊಂದನ್ನು ಕಳಿಸಿದರು. ಮೂರು ಗುಂಡುಗಳಲ್ಲಿ ಯಾವುದು ಬೆಲೆಗೆ ತಕ್ಕದ್ದು ಎಂಬ ಚರ್ಚೆ ಆ ವಾರವೇ ಶುರುವಾಯಿತು. ಷಡ್ಡಕ ಬೇರಿಂಗಿನ ಬಗ್ಗೆ ಮಾತಾಡುತ್ತಿದ್ದ. ಹಲ್ಲಣ್ಣ ಕೇಳಿಸಿಕೊಳ್ಳುತ್ತಿರಲಿಲ್ಲ, ಗುಂಡು ಉರುಳಿಸುತ್ತಿದ್ದ.

ಇಪ್ಪತ್ತು ದಿನಕ್ಕೆ ಅತ್ತೆಯ ಸೆಟ್ಟು ತಯಾರಾಯಿತು. ಪರದೆಯ ಮೇಲೆ ಜೋಡಿಸಿದ್ದನ್ನು ಡಾಕ್ಟರಮ್ಮನ ಪರಿಚಯದ ಕಡೆ ಯಂತ್ರದಲ್ಲಿ ತೆಗೆಸಿ, ಹಲ್ಲಣ್ಣ ಮನೆಯಲ್ಲಿ ಉಜ್ಜಿ ಹೊಳಪು ಕೊಟ್ಟ. ಬೆಳಿಗ್ಗೆ ಹತ್ತರ ಬಿಸಿಲು ಲ್ಯಾಬಿನೊಳಗೆ ಬಿದ್ದಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದರು. ಹೆಂಡತಿ ಕನ್ನಡಿ ಹಿಡಿದು ನಿಂತಳು.

ಇಲ್ಲಿ ಮಾತ್ರ ಗುಂಡು ಉಪಯೋಗಕ್ಕೆ ಬರುವುದಿಲ್ಲ. ಸೆಟ್ಟನ್ನು ಬಾಯಿಗಿಟ್ಟು, ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂದು ಬೆರಳಿಂದಲೇ ತಡವಿ ನೋಡಬೇಕು. ಮಾತ್ರೆ ತಿಂದೂ ಹಲ್ಲಣ್ಣನ ತೋರುಬೆರಳು ಅತ್ತೆಯ ಹೊಸ ಹಲ್ಲುಗಳ ಮೇಲೆ ಸಣ್ಣಗೆ ನಡುಗಿತು. ಅವನು ನಾಚಿ ಬೆರಳು ಹಿಂದಕ್ಕೆ ತೆಗೆಯಹೋದ.

ಅತ್ತೆ ಬಾಯಿ ಮುಚ್ಚಿದರು. ಹೊಸ ಹಲ್ಲು ಅವನ ಬೆರಳನ್ನು ನೋಯದ ಹಾಗೆ, ಆದರೆ ಬಿಡದ ಹಾಗೆ, ಗಟ್ಟಿಯಾಗಿ ಹಿಡಿದುಕೊಂಡವು.

"ಅಮ್ಮಾ! ಏನು ಮಾಡ್ತಿದೀಯ?" ಹೆಂಡತಿ ಕನ್ನಡಿ ಕೆಳಗಿಟ್ಟಳು.

ಬೆರಳು ಬಾಯಲ್ಲಿಟ್ಟುಕೊಂಡೇ ಅತ್ತೆ ಅಳಿಯನ ಮುಖ ನೋಡಿ ಏನೋ ಕೇಳಿದರು. ಮಾತು ಒಂದಕ್ಷರವೂ ಸ್ಪಷ್ಟವಾಗಲಿಲ್ಲ. ಆದರೆ ಕೈ ನಿಂತಿತ್ತು.

"ಇಲ್ಲ ಅತ್ತೆ," ಎಂದ ಹಲ್ಲಣ್ಣ. "ಈಗ ನಡುಗ್ತಿಲ್ಲ."